ಈರುಳ್ಳಿ ಬಜ್ಜಿ ಅಂದ್ಕೊಂಡು ತಿಂದದ್ದು

ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ನುಗ್ಗೇಹಳ್ಳಿ ಬಸ್ಸಿಗೆ ಕಾಯುತ್ತಿದ್ದ ಬಿಂದುಶ್ರೀ ಬೆಚ್ಚಿಬಿದ್ದು ಮೊಬೈಲಿನಿಂದ ತಲೆ ಎತ್ತಿದಳು. ಪಕ್ಕದ ಅಜ್ಜಿ ಎದೆ ಬಡಿದುಕೊಂಡು ಮೊಮ್ಮಗಳನ್ನು ಕೇಳುತ್ತಿದ್ದರು.

“ನೆನ್ನೆ ನೀನ್ ಕರ್ದು ಕೊಟ್ಟಿದ್ದು ಸಮುದ್ರದ್ದಾ? ಈರುಳ್ಳಿ ಬಜ್ಜಿ ಅಂದ್ಕಂಡ್ ತಿಂದ್ನಲ್ಲೇ ಧನ್ಯಾ! ಊರಮ್ಮನ್‌ಗೆ ಅರಕೆ ಹೊತ್ತು ಮೀನು ಬುಟ್ಟಿವ್ನಿ ಕಣೇ!”

“ಅದು ಸ್ಕ್ವಿಡ್ಡು, ಬಳೆ ತರ ಹೆಚ್ಚಿ ಕರ್ದಿದ್ದೆ. ಮೀನೇ ಅಲ್ಲ ಕಣಜ್ಜಿ. ಮಂಗಳೂರಲ್ಲಿ ನಾನು ಓದ್ತಿರೋದೇ ಅದನ್ನ. ಅದಕ್ಕೆ ಮೂಳೆ ಇಲ್ಲ, ಬಸವನಹುಳದ ಗುಂಪಿಗೆ ಸೇರ್ಸವ್ರೆ.”

“ಬಸವನಹುಳಾನಾ! ಥೂ! ಚಿಪ್ಪೆಲ್ಲೇ ಇತ್ತು?”

“ಮೈಯೊಳಗೆ, ಪ್ಲಾಸ್ಟಿಕ್ ಕಡ್ಡಿ ತರ. ನಾನೇ ಕಿತ್ತಾಕ್ದೆ. ಅರಕೆ ಮುರೀಲಿಲ್ಲ ಬುಡಜ್ಜಿ. ಅಷ್ಟಕ್ಕೂ ಯಾಕ್ ಹೊತ್ತೆ?”

“ಓದ್ವರ್ಸ ನೀನು ಐಸಿಯುನಾಗೆ ಕಣ್ಣೇ ಬುಡದಂಗೆ ಮಲಗಿದ್ಯಲ್ಲ, ಆವತ್ತು.”

ಹಿರೀಸಾವೆ ಬಸ್ಸು ಬಂದು ನಿಂತಿತು. ಅಜ್ಜಿ ಸೆರಗು ಸಿಕ್ಕಿಸಿಕೊಂಡು ಎದ್ದರು.

“ನಡಿ. ಮೂಳೆ ಇಲ್ಲ, ಮೀನಲ್ಲ ಅಂತ ನೀನೇ ಗುಡಿಗ್ ಬಂದು ಯೋಳು.”

“ಬ್ಯಾಡಜ್ಜಿ,” ಎಂದಳು ಧನ್ಯಾ, ಅಜ್ಜಿಯ ರಟ್ಟೆ ಹಿಡಿದು ಬಸ್ಸು ಹತ್ತಿಸುತ್ತಾ. “ತಪ್ಪಾಯ್ತು ಅಂತೀನಿ.”