ನನ್ನ ತಾಯಿಯ ಮೊದಲ ಗಂಡ

ಮಾನ್ಯ ಕುಲಪತಿಗಳೇ, ದಾಖಲೆ ಭಂಡಾರದ ನಿರ್ದೇಶಕಿ ಡಾಕ್ಟರ್ ಮಾರ್ಕಿ ಅವರೇ, ಮೇಯರ್ ಸಾಹೇಬರೇ, ನಮ್ಮ ಯಹೂದಿ ಪ್ರಾರ್ಥನಾ ಮಂದಿರ ಸಿನಗಾಗ್‌ನಿಂದ ಎರಡು ಬೆಂಚು ತುಂಬುವಷ್ಟೇ ಬಂದಿದ್ದರೂ ಇಡೀ ಸಭಾಂಗಣಕ್ಕೆ ಆಗಿ ಮಿಗುವಷ್ಟು ಗದ್ದಲ ಮಾಡುತ್ತಿರುವ ನನ್ನ ಬಂಧುಗಳೇ, ಮೊದಲ ಸಾಲಿನಲ್ಲಿ ಈಗಾಗಲೇ ಕಣ್ಣು ಮುಚ್ಚಿ ಕೂತಿರುವ ನನ್ನ ತಂದೆಯವರೇ, ಮತ್ತು ಸಭಿಕರೇ,

ನನ್ನನ್ನು ಕರೆದದ್ದು ಎರಡು ಮಾತಾಡಿ ಒಂದು ಸಹಿ ಹಾಕಲಿಕ್ಕೆ. ಒಪ್ಪಿಗೆಯ ಕಾಗದ ಮೇಜಿನ ಮೇಲಿದೆ. ಪೆನ್ನೂ ಇದೆ, ಕುಲಪತಿಗಳದ್ದೇ, ಚಿನ್ನದ ಮುಳ್ಳಿನದು. ಈ ಊರಿನ ಯಹೂದಿ ಸಮಾಜದ ಅಧ್ಯಕ್ಷೆಯಾದ ನಾನು ಸಹಿ ಹಾಕಿದರೆ, ನಾಳೆ ನಮ್ಮ ಸ್ಮಶಾನದಲ್ಲಿ ದಿವಂಗತ ಅನ್ಸೆಲ್ಮೊ ಫಾನೊ ಅವರ ಸಮಾಧಿಯನ್ನು ಅಗೆಯುತ್ತಾರೆ. ಒಳಗೆ ಅನ್ಸೆಲ್ಮೊ ಇಲ್ಲ. ಯುದ್ಧಕಾಲದಲ್ಲಿ ಕಾಣೆಯಾದ ಈ ವಿಶ್ವವಿದ್ಯಾಲಯದ ವಿದ್ಯಾರ್ಥಿ ದಾಖಲೆಗಳಿವೆ. ಅವು ಮೇಲೆ ಬಂದರೆ, ದಾಖಲೆ ಇಲ್ಲವೆಂದು ನನ್ನ ತಂದೆ ಗಾಸ್ಟೋನೆ ವಿಜೆವಾನಿ ಅವರಿಗೆ ನಲವತ್ತೈದು ವರ್ಷದಿಂದ ತಪ್ಪಿಹೋದ ಕಾನೂನು ಪದವಿ ಸಿಗುತ್ತದೆ.

ಡಾಕ್ಟರ್ ಮಾರ್ಕಿ ಇದನ್ನು ಕಂಡುಹಿಡಿದ ಬಗೆ ನಿಮಗೆ ಗೊತ್ತೆ? ಅನ್ಸೆಲ್ಮೊ ಅವರ ಜನನದ ದಾಖಲೆಯನ್ನು ಹುಡುಕಿ ಹುಡುಕಿ ಸುಸ್ತಾಗಿ ನನಗೆ ಫೋನ್ ಮಾಡಿದರು. "ಮೇಡಂ, ಇವರು ಸತ್ತಿದ್ದಾರೆ, ಆದ್ರೆ ಹುಟ್ಟೇ ಇಲ್ಲವಲ್ಲ!" ಅಂದರು. ನಾನು ಏನು ಹೇಳಲಿ? "ಅವರು ನಮ್ಮಮ್ಮನ ಮೊದಲ ಗಂಡ, ಮೇಡಂ" ಅಂದೆ.

ಸಾವಿರದ ಒಂಬೈನೂರ ನಲವತ್ತಮೂರರ ಶರತ್ಕಾಲ. ಜರ್ಮನರು ಊರಿಗೆ ಬಂದಿದ್ದರು, ಯಹೂದಿಗಳನ್ನು ಹುಡುಕಿ ಹಿಡಿದೊಯ್ಯುತ್ತಿದ್ದರು. ಇಲ್ಲಿ ಓದುತ್ತಿದ್ದ ಯಹೂದಿ ಹುಡುಗರು ಎಲ್ಲಿ ಮಲಗುತ್ತಾರೆ, ಯಾರ ಮನೆಯಲ್ಲಿ ಬಾಡಿಗೆಗಿದ್ದಾರೆ ಎಂಬುದೆಲ್ಲ ಈ ಕಟ್ಟಡದ ಒಂದು ಕಪಾಟಿನಲ್ಲಿತ್ತು. ಕಪಾಟಿನ ಬೀಗದ ಕೈ ಕಚೇರಿಯ ಓರೆಸ್ತೆ ಬರ್ತಾನಿ ಎಂಬುವರ ಹತ್ತಿರ. ಭಾನುವಾರ ತಪ್ಪದೆ ಇಗರ್ಜಿಗೆ ಹೋಗುವ ಮನುಷ್ಯ. ಅವರು ತರಕಾರಿ ಗಾಡಿಯಲ್ಲಿ ಎಲೆಕೋಸಿನ ಕೆಳಗೆ ಅಷ್ಟನ್ನೂ ಹೇರಿಕೊಂಡು ಬಂದು ನಮ್ಮ ಧರ್ಮಗುರು ರಬ್ಬಿಯ ಬಾಗಿಲು ತಟ್ಟಿದರು.

"ಸುಟ್ಟುಬಿಡೋಣ ಅಂದ್ರೆ ಕೈ ಬರ್ತಿಲ್ಲ ಸ್ವಾಮಿ. ಹುಡುಗ್ರು ಕಷ್ಟಪಟ್ಟು ತಗೊಂಡ ಅಂಕಗಳಿವೆ ಇದರಲ್ಲಿ."

"ಸುಡೋದ್ಯಾಕಪ್ಪ? ಕಾಗದ ಹೂಳೋದು ನಮ್ಮ ಕುಲಕಸುಬು" ಅಂದರಂತೆ ರಬ್ಬಿ.

ನಿಜವೇ ಸಭಿಕರೇ. ದೇವರ ಹೆಸರಿರುವ ಪುಸ್ತಕ ಹರಿದರೆ ನಾವು ರದ್ದಿಗೆ ಹಾಕುವುದಿಲ್ಲ, ಮನುಷ್ಯರಂತೆ ಮಣ್ಣು ಮಾಡುತ್ತೇವೆ. ಆದರೆ ಅಂದು ಪುಸ್ತಕದ ಸಂಸ್ಕಾರ ಅಂದರೆ ಪೊಲೀಸರು ಪೆಟ್ಟಿಗೆ ತೆಗೆಸುತ್ತಿದ್ದರು. ಹಾಗಾಗಿ ಒಂದು ಹೆಣ ಬೇಕಾಯಿತು. ಹೆಣಕ್ಕೊಂದು ಹೆಸರು, ಹೆಸರಿಗೊಬ್ಬಳು ವಿಧವೆ. ನನ್ನ ತಾಯಿ ಎಲ್ದಾ, ಆಗ ಇಪ್ಪತ್ತರ ಹುಡುಗಿ, ಮದುವೆಯಾಗಿಲ್ಲ. "ನಾನು ಅಳ್ತೀನಿ, ನಂಗೆ ಚೆನ್ನಾಗಿ ಬರುತ್ತೆ" ಎಂದು ಮುಂದೆ ಬಂದಳು. ಈ ಒಂದು ವಿಷಯದಲ್ಲಿ ಅವಳು ಬಡಾಯಿ ಕೊಚ್ಚಿದವಳಲ್ಲ.

ಪೆಟ್ಟಿಗೆ ಹೊತ್ತವರ ಬೆನ್ನು ಬಾಗಿಹೋಯಿತು. ಸ್ಮಶಾನದ ಗೇಟಿನಲ್ಲಿ ಪೊಲೀಸಿನವನು ತಡೆದ. "ಏನ್ರೀ ಇದು, ಇಷ್ಟು ಭಾರ?"

ನನ್ನ ತಾಯಿ ಪೆಟ್ಟಿಗೆಯ ಮೇಲೆ ಬಿದ್ದು ಬೋರಾಡಿ ಅತ್ತಳು. "ಅಯ್ಯೋ ಸಾಹೇಬ್ರೇ, ನನ್ನ ಗಂಡನಿಗೆ ಊಟ ಅಂದ್ರೆ ಪ್ರಾಣ! ಬೇಡ ಬೇಡ ಅಂದ್ರೂ ತಿಂದ್ರು!"

ಅವನು ಟೋಪಿ ತೆಗೆದು ದಾರಿ ಬಿಟ್ಟ. ಮಾರನೆಯ ದಿನ ಜರ್ಮನರು ಬಂದಾಗ ಕಪಾಟು ಖಾಲಿ. ಹುಡುಗರಿಗೆ ಬೆಟ್ಟ ಹತ್ತಲು, ಗಡಿ ದಾಟಲು ಸಮಯ ಸಿಕ್ಕಿತು. ಎಲ್ಲರೂ ಉಳಿಯಲಿಲ್ಲ ಸಭಿಕರೇ. ಉಳಿಯದವರ ಹೆಸರು ಸಿನಗಾಗ್‌ನ ಗೋಡೆಯ ಮೇಲಿದೆ. ಆದರೆ ಉಳಿದವರು ಹೆಚ್ಚು.

ನಮ್ಮ ರಬ್ಬಿ ಮಹಾ ಸತ್ಯಸಂಧರು. ಯಾರೂ ಇಲ್ಲದ ಪೆಟ್ಟಿಗೆಯ ಮುಂದೆ ಸಾವಿನ ಪ್ರಾರ್ಥನೆ ಹೇಳಿದರೆ ದೇವರಿಗೆ ಸುಳ್ಳು ಹೇಳಿದಂತಾಗುತ್ತದಲ್ಲ ಎಂದು ಚಡಪಡಿಸಿ, ಮುಚ್ಚಳ ಹೊಡೆಯುವ ಮೊದಲು ಒಂದು ಹರಿದ ಪ್ರಾರ್ಥನಾ ಪುಸ್ತಕವನ್ನು ಒಳಗಿಟ್ಟರು. ಪ್ರಾರ್ಥನೆ ನಿಜವಾಯಿತು. ಸಮಾಧಿಯೂ ನಿಜವಾಗಿಬಿಟ್ಟಿತು! ಯುದ್ಧ ಮುಗಿದ ಮೇಲೆ ಅಗೆಯಲು ಹೋದವರನ್ನು ಅವರೇ ಅಡ್ಡಗಟ್ಟಿದರು. "ದೇವರ ಹೆಸರು ಒಳಗಿದೆ. ಮಣ್ಣಿಗಿಟ್ಟ ಮೇಲೆ ಮುಗೀತು. ಬದುಕಿರೋರು ಹೇಗೋ ಬದುಕ್ಕೊಳ್ಳಿ."

ಹಾಗೆ ಬದುಕಿಕೊಂಡವರಲ್ಲಿ ನನ್ನ ತಂದೆ ಒಬ್ಬರು. ವಿಧವೆ ನೆಲದ ಮೇಲೆ ಕೂತು ಏಳು ದಿನ ದುಃಖ ಆಚರಿಸುವಾಗ, ಬೆಟ್ಟ ಹತ್ತುವ ಮೊದಲು ಬಂದು ಪದ್ಧತಿಯಂತೆ ಬೇಯಿಸಿದ ಮೊಟ್ಟೆ ತಂದುಕೊಟ್ಟ ಹುಡುಗ ಇವರೇ. ಪೆಟ್ಟಿಗೆಯಲ್ಲಿ ತಾನೂ ಇದ್ದೇನೆಂದು ಪಾಪ ಗೊತ್ತಿಲ್ಲ. "ನಿಮ್ಮ ಯಜಮಾನ್ರು ದೊಡ್ಡ ಮನುಷ್ಯರಂತೆ" ಅಂದರು. "ಹ್ಞೂಂ. ಹೊಟ್ಟೆ ತುಂಬ ಬರೀ ಅಕ್ಷರ" ಅಂದಳು ನನ್ನ ತಾಯಿ. ಆ ಹುಡುಗನಿಗೆ ಅಲ್ಲೇ ಪ್ರೀತಿ ಹುಟ್ಟಿತು. ಮದುವೆಗೆ ಮಾತ್ರ ನನ್ನ ಅಜ್ಜಿ ರಂಪ ಮಾಡಿದಳು. "ನನ್ನ ಮಗನಿಗೆ ಯಾರೋ ಬಿಟ್ಟುಹೋದ ಹೆಂಡ್ತಿನೇ ಆಗಬೇಕಾ?" ಅವಳಿಗೆ ಸತ್ಯ ತಿಳಿಸಿದರೂ ನಂಬಲಿಲ್ಲ. ಸಾಯುವವರೆಗೂ ಅನ್ಸೆಲ್ಮೊ ವಿಷಯ ಎತ್ತಿ ಕುಟುಕುತ್ತಿದ್ದಳು.

ತಂದೆಯವರ ಪರೀಕ್ಷೆಗಳೆಲ್ಲ ಮುಗಿದು ಕೊನೆಯ ಮೌಖಿಕ ಒಂದೇ ಬಾಕಿಯಿತ್ತು. ಯುದ್ಧ ಮುಗಿದ ಮೇಲೆ ಕಚೇರಿಗೆ ಹೋದರು, ಬರ್ತಾನಿ ಆಗ ಅಲ್ಲಿರಲಿಲ್ಲ. "ಇಲ್ಲಿ ಓದಿದ್ದಕ್ಕೆ ದಾಖಲೆ ಎಲ್ಲಿ?" "ಸಮಾಧೀಲಿದೆ ಸಾಹೇಬ್ರೇ." ಯುದ್ಧದಲ್ಲಿ ತಲೆ ಕೆಟ್ಟಿದೆ ಎಂದು ಅವರಿಗೆ ನೀರು ಕುಡಿಸಿ ಕಳಿಸಿದರು. ವಕೀಲರಾಗಬೇಕಿದ್ದವರು ಗುಂಡಿ, ದಾರ ಮಾರಿ ನನ್ನನ್ನು ಸಾಕಿದರು. ಅಂಗಡಿಯ ಗಲ್ಲಾದ ಕೆಳಗೆ ಕಾನೂನು ಪುಸ್ತಕಗಳು. ಗುಂಡಿ ವಾಪಸು ತಂದ ಗಿರಾಕಿಗೆ ಒಪ್ಪಂದದ ನಿಯಮ ಪೂರ್ತಿ ಹೇಳಿಯೇ ಕಳಿಸುತ್ತಿದ್ದರು.

ಮನೆಯಲ್ಲಿ ಜಗಳವಾದರೆ ನನ್ನ ತಾಯಿ ಒಂದು ಕಲ್ಲು ಎತ್ತಿಕೊಂಡು ನೇರ ಸ್ಮಶಾನಕ್ಕೆ ಹೊರಟುಬಿಡುವಳು, ಅನ್ಸೆಲ್ಮೊ ಸಮಾಧಿಯ ಮೇಲಿಡಲು; ನಮ್ಮಲ್ಲಿ ಸತ್ತವರಿಗೆ ಇಡುವುದು ಹೂವಲ್ಲ, ಕಲ್ಲು. "ನನ್ನ ಮೊದಲ ಗಂಡ ಒಂದು ದಿನ ಎದುರು ಮಾತಾಡಿದವನಲ್ಲ!" ತಂದೆಯವರು ಕಿಟಕಿಯಿಂದ ಕೂಗುವರು: "ಒಂದು ದಿನ ಮನೆ ಬಾಡಿಗೆ ಕಟ್ಟಿದವನೂ ಅಲ್ಲ ಕಣೇ!" ಕಾಗದದ ಗಂಟಿನ ಮೇಲೆ ಇಷ್ಟು ಹೊಟ್ಟೆಕಿಚ್ಚು ಪಟ್ಟ ಗಂಡಸನ್ನು ನಾನು ಇನ್ನೆಲ್ಲೂ ನೋಡಿಲ್ಲ.

ಕಳೆದ ವರ್ಷ ತಾಯಿ ಹೋದಳು. ಅನ್ಸೆಲ್ಮೊ ಪಕ್ಕದಲ್ಲಿ ವಿಧವೆಗೆಂದು ಬಿಟ್ಟ ಜಾಗದಲ್ಲೇ ಮಲಗಿದ್ದಾಳೆ, ಅದು ಅವಳದೇ ಹಟ. ಅವಳ ಇನ್ನೊಂದು ಪಕ್ಕ ತಂದೆಯವರಿಗೆ.

ಹಳೆಯ ರಬ್ಬಿ ಈಗಿಲ್ಲ. ಮಿಲಾನಿನ ರಬ್ಬಿಯನ್ನು ಕೇಳಿದರೆ, ತೆಗೆಯಲೂಬಹುದು, ತೆಗೆಯದಿರಲೂಬಹುದು, ಅಧ್ಯಕ್ಷರಿಗೆ ಬಿಟ್ಟದ್ದು ಎಂದರು. ಇಷ್ಟು ಹೇಳಲು ಅವರಿಗೆ ರೈಲಿನ ಖರ್ಚು ಬೇರೆ! ಸಹಿ ಹಾಕುವುದೆಂದು ನಾನು ತೀರ್ಮಾನಿಸಿದ್ದೆ. ಅಪ್ಪ ಹೊಸ ಟೈ ಕೂಡ ಕೊಂಡರು.

ಆದರೆ ಮೊನ್ನೆ ಅವರನ್ನು ಸ್ಮಶಾನಕ್ಕೆ ಕರೆದುಕೊಂಡು ಹೋಗಿದ್ದೆ. ತಾಯಿಯ ಸಮಾಧಿಯ ಮೇಲೆ ಒಂದು ಕಲ್ಲಿಟ್ಟರು. ಆಮೇಲೆ, ಜೀವಮಾನದಲ್ಲಿ ಮೊದಲ ಬಾರಿಗೆ, ಅನ್ಸೆಲ್ಮೊ ಮೇಲೂ ಒಂದು ಕಲ್ಲಿಟ್ಟರು.

"ಲಿಯಾ, ಇವನನ್ನ ಎಬ್ಬಿಸಬೇಡಮ್ಮ."

"ಮತ್ತೆ ನಿಮ್ಮ ಪದವಿ, ಅಪ್ಪಾ?"

"ನಿಮ್ಮಮ್ಮನಿಗೆ ಒಬ್ಬಳೇ ಮಲಗೋದಂದ್ರೆ ಭಯ. ನಾನು ಬರೋವರೆಗೂ ಇವನಿರಲಿ ಜೊತೆಗೆ."

ಕುಲಪತಿಗಳೇ, ನಿಮ್ಮ ಪೆನ್ನು ಬಹಳ ಚೆನ್ನಾಗಿದೆ, ದಯವಿಟ್ಟು ಹಿಂದಕ್ಕೆ ತೆಗೆದುಕೊಳ್ಳಿ. ನಾನು ಸಹಿ ಹಾಕುವುದಿಲ್ಲ. ಹಾಗಾದರೆ ಪದವಿ? ನೀವೇ ಕಾನೂನು ಪ್ರಾಧ್ಯಾಪಕರು. ಈ ದೇಶದಲ್ಲಿ ಪರೀಕ್ಷೆ ಎಂದರೆ ಬಾಯಿಮಾತೇ ತಾನೆ? ಬಾಕಿಯಿರುವ ಮೌಖಿಕ ಇಲ್ಲೇ ನಡೆಯಲಿ. ಏನು ಬೇಕಾದರೂ ಕೇಳಿ, ಬೇಕಾದರೆ ಗುಂಡಿಯ ಮೇಲೂ ಕೇಳಿ. ಅಪ್ಪಾ, ನೀವು ನಿದ್ದೆ ಮಾಡುತ್ತಿಲ್ಲ, ನನಗೆ ಗೊತ್ತು. ತುಟಿ ಅಲ್ಲಾಡುತ್ತಿದೆ, ಮನಸ್ಸಿನಲ್ಲೇ ಪಾಠ ಒಪ್ಪಿಸುತ್ತಿದ್ದೀರಿ. ಏಳಿ, ಟೈ ಸರಿಮಾಡಿಕೊಳ್ಳಿ, ನಿಮ್ಮ ಸರದಿ ಬಂತು.

ಇಷ್ಟು ಹೊತ್ತು ಕೇಳಿದ ತಮಗೆಲ್ಲ ನನ್ನ ವಂದನೆಗಳು. ಅನ್ಸೆಲ್ಮೊ ಫಾನೊ ಅವರ ಪರವಾಗಿಯೂ ನಾನೇ ಹೇಳುತ್ತೇನೆ, ಅವರು ಮಾತಾಡುವವರಲ್ಲ. ನಮಸ್ಕಾರ.