ಮಿಕ್ಕಿದ್ದು ಒಂದೇ ಲೇಬಲ್

ರಿಪೇರಿ ಅಂಗಡಿಯ ಬೆಂಚಿನಲ್ಲಿ ನನ್ನ ಪಕ್ಕ ಅಕ್ಕ ತಂಗಿಯರಿಬ್ಬರು ಕೂತಿದ್ದರು. ಬ್ಯಾಟರಿ ಬದಲಿಸಲು ತಂದ, ಹಾಡು ಕೇಳುವ ಪುಟ್ಟ ಪ್ಲೇಯರ್ ಇಬ್ಬರ ಕೈಯಲ್ಲೂ ಇತ್ತು. ತಂಗಿಯದರ ಮೇಲೆ ದೊಡ್ಡ ಕಂಪ್ಯೂಟರ್ ಕಂಪನಿಯೊಂದರ ಹೆಸರು ಹೊಳೆಯುತ್ತಿತ್ತು. ಅಕ್ಕನದು ಬೋಳು.

“ಅಂಗಡಿಯವರು ಎರಡನ್ನೂ ಬಿಚ್ಚಿ ತೋರಿಸಿದ್ರಲ್ಲ ಅಕ್ಕ, ಒಳಗೆ ಎಲ್ಲಾ ಒಂದೇ. ಇನ್ನೂ ಯಾಕೆ ಮುಖ ಊದಿಸ್ಕೊಂಡಿದ್ದೀಯ?”

“ನಿಂದು ಕಂಪನಿ ಮಾಲು, ನಂದು ಯಾವುದೋ ಅಗ್ಗದ್ದು ಅಂತ ಎರಡು ವರ್ಷ ಹೊಟ್ಟೆ ಉರ್ಕೊಂಡಿದ್ದೀನಿ ಕಣೆ.”

“ಅಪ್ಪ ಈಗ ಫೋನಲ್ಲಿ ಹೇಳಲಿಲ್ವಾ? ಇವನ್ನ ಮಾಡೋದು ಅಪ್ಪನ ಫ್ಯಾಕ್ಟರಿಯವರು. ಆ ಕಂಪನಿಯವರು ಕೊಂಡ್ಕೊಂಡು ತಮ್ಮ ಹೆಸರಲ್ಲಿ ಮಾರ್ತಾರೆ, ಅಷ್ಟೇ. ನಮ್ಮವೆರಡೂ ಒಂದೇ ಡಬ್ಬದಿಂದ ತಂದಿದ್ದು.”

“ಹಾಗಾದ್ರೆ ನಿಂದಕ್ಕೆ ಹೆಸರು ಎಲ್ಲಿಂದ ಬಂತು?”

“ಅಪ್ಪಾನೇ ಅಂಟಿಸಿದ್ದು. ಫ್ಯಾಕ್ಟರೀಲಿ ಅವರ ಕೆಲಸಾನೇ ಲೇಬಲ್ ಅಂಟಿಸೋದಲ್ವಾ? ಅವತ್ತು ಟೇಬಲ್ ಮೇಲೆ ಒಂದೇ ಲೇಬಲ್ ಮಿಕ್ಕಿತ್ತಂತೆ.”

ಅಕ್ಕ ಕೈ ಚಾಚಿ ಆ ಲೇಬಲಿನ ಮೂಲೆಯನ್ನು ಉಗುರಿನಿಂದ ಕೆರೆದಳು.

“ಏ ಅಕ್ಕ, ಕೀಳ್ಬೇಡ!”

“ಒಳಗೆ ಎಲ್ಲಾ ಒಂದೇ ಅಂದ್ಯಲ್ಲ. ಹೆಸರು ಹೋದ್ರೆ ನಿನಗೇನಂತೆ?”

“ಅಪ್ಪ ಅಂಟಿಸಿಕೊಟ್ಟಿದ್ದು.”

“ನಾನೂ ಅದನ್ನೇ ಕಣೆ ಕೇಳ್ತಿರೋದು. ಇದ್ದಿದ್ದು ಒಂದೇ ಒಂದು. ಅದು ನಿನಗೇ ಯಾಕೆ?”

ಅಷ್ಟರಲ್ಲಿ ಕೌಂಟರಿನಿಂದ ಕರೆ ಬಂತು. ಅಕ್ಕ ತಿರುಗಿಯೂ ನೋಡದೆ ಎದ್ದು ನಡೆದಳು. ತಂಗಿ, ಲೇಬಲಿನ ಎದ್ದುಬಂದ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿಕೊಳ್ಳುತ್ತಲೇ ಹಿಂದೆ ಹೋದಳು.