ಎದುರುಬದುರು ಗಿಣಿ

ಕಲಘಟಗಿ ಬಸ್ ನಿಲ್ದಾಣದಲ್ಲಿ ಮಹಾನಂದಾಳ ಪಕ್ಕದಲ್ಲೇ ತೊಟ್ಟಿಲಿಗೆ ಬಣ್ಣ ಬರೆಯುವ ಮಾಬುಸಾಬರು ಕೂತಿದ್ದರು. ಜೊತೆಗೆ, ಘಟ್ಟದ ಉದ್ದನೆಯ ಚಾರಣದ ಹಾದಿಯ ಗಿಡಗಂಟಿಗಳನ್ನು ವಾರವಾರ ಪುಕ್ಕಟೆ ಸವರುವ ಗೌರೀಶ.

“ಕಾಕಾ, ಹಾದಿ ತೋರ್ಸಾಕ ಕಲ್ಲಿನ ಮ್ಯಾಲೆ ಬಾಣ ಬರೀರಿ ಅಂದ್ರ ಜೋಡಿ ಗಿಣಿ ಬರದೀರಲ್ರಿ!”

“ಚಂದ ಆಗಿಲ್ಲೇನಪಾ?”

“ಅಗದಿ ಚಂದ ಆಗ್ಯಾವ್ರಿ. ಮಂದಿ ನಡ್ಯೂದು ಬಿಟ್ಟು ಫೋಟೋ ತಗೀತಾರ. ಆದ್ರ ಎರಡೂ ಎದುರುಬದುರು ನೋಡ್ತಾವು. ಯಾವ ಕಡೆ ಹೋಗಬೇಕ್ರಿ ಅವರು?”

“ತೊಟ್ಟಿಲಿಗೆ ಹಂಗ ಬರ್ಯೂದು. ಕೈ ತಾನ ಹೋತು.”

“ಮೊನ್ನೆ ಇಬ್ರು ದಾರಿ ತಪ್ಪಿದ್ರು. ಒಂದನ್ನ ಅಳಿಸೂಣೇನ್ರಿ?”

ಮಹಾನಂದಾಳ ಮಕ್ಕಳು ತೊಟ್ಟಿಲಲ್ಲಿ ಮಲಗಿದ್ದು ಅಂಥ ಗಿಣಿಗಳ ನಡುವೆಯೇ. ಅವಳು ಮಾಬುಸಾಬರ ಕಡೆ ತಿರುಗಿ ನೋಡಿದಳು.

“ಜೋಡಿ ಅಗಲಸಬಾರದು,” ಎಂದರು ಮಾಬುಸಾಬರು. “ಒಂದನ್ನ ತಿರುಗಿಸಿ ಬರೀತೀನಿ. ಎರಡೂ ಮುಂದ ನೋಡ್ಕೋತ ಹೋಗ್ಲಿ.”

ಬಸ್ಸು ಬಂತು. ಮಾಬುಸಾಬರು ಮುಂದೆ, ಬಣ್ಣದ ಡಬ್ಬಿ ಹಿಡಿದ ಗೌರೀಶ ಹಿಂದೆ, ಇಬ್ಬರೂ ಹತ್ತಿ ಹೋದರು.